ಬೈಯದ ಮೇಷ್ಟ್ರು

ಬೆಂಗಳೂರಿನ ಒಂದು ಮನೆಯಲ್ಲಿ ಮುಸುರೆ ತಿಕ್ಕುವ ನನ್ನ ಅಕ್ಕ ಹೋದ ದಸರೆಗೆ ಊರಿಗೆ ಬಂದಾಗ ಮೊಮ್ಮಗನಿಗೆ ಒಂದು ಆಟದ ಸಾಮಾನು ತಂದಿದ್ದಳು. ಆ ಮನೆಯ ಮಕ್ಕಳು ದೊಡ್ಡವರಾದ ಮೇಲೆ ಮೂಲೆಗೆ ಬಿದ್ದಿದ್ದು. ಅಂಗೈಯಗಲದ ಪರದೆ, ದಾರ ಕಟ್ಟಿದ ಕಡ್ಡಿ, ಬೆನ್ನಲ್ಲಿ ನಾಲ್ಕು ಸೆಲ್ಲು. ಇಂಗ್ಲಿಷಿನಲ್ಲಿ ಮಾತಾಡುತ್ತದೆ. ಅಕ್ಷರ ತೋರಿಸುತ್ತದೆ, ಲೆಕ್ಕ ಕೇಳುತ್ತದೆ. ಸರಿಯಾದರೆ ಚಪ್ಪಾಳೆ, ತಪ್ಪಾದರೆ ಇನ್ನೊಂದು ಸಲ ನೋಡು ಎನ್ನುತ್ತದೆ. ನಾಲ್ಕು ವರ್ಷದ ಹುಡುಗ ಹತ್ತು ಸಲ ತಪ್ಪಿದ. ಹತ್ತು ಸಲವೂ ಅದೇ ನಯವಾದ ದನಿ. ಪಕ್ಕದಲ್ಲಿ ಕೂತಿದ್ದ ಅಕ್ಕ ಹೇಳಿದಳು:

"ನೋಡ್ಲಾ ತಮ್ಮ, ಇದು ಬೈಯಾಕಿಲ್ಲ. ಯಾರ ಮಗ ಅಂತ ಕೇಳಾಕಿಲ್ಲ. ನಂಗೂ ಇಂಥ ಮೇಷ್ಟ್ರು ಸಿಕ್ಕಿದ್ರೆ ನಾಕಕ್ಷರ ಕಲೀತಿದ್ದೆ."

ಮೇಷ್ಟ್ರ ಕೆಲಸದಿಂದಲೇ ಅನ್ನ ತಿನ್ನುವ ನನಗೆ ಆ ಮಾತು ಕೆನ್ನೆಗೆ ಬಿದ್ದಂತಾಯಿತು. ಅಂಬೇಡ್ಕರರಂಥವರೇ ಮನೆಯಿಂದ ಗೋಣಿತಟ್ಟು ಒಯ್ದು, ಬೇರೆಯಾಗಿ ಹಾಸಿಕೊಂಡು ಕೂತು ಕಲಿತ ದೇಶ ಇದು. ಇಲ್ಲಿ ಅವಮಾನ ಮಾಡದಿರುವುದೇ ಒಂದು ದೊಡ್ಡ ಗುಣ. ಹಾಗಾದರೆ ಅವಮಾನ ಮಾಡುವ ಮನುಷ್ಯನಿಗಿಂತ ಅವಮಾನ ಮಾಡದ ಯಂತ್ರ ಒಳ್ಳೆಯ ಗುರುವೇ? ಈ ಪ್ರಶ್ನೆಯನ್ನು ನಕ್ಕು ತಳ್ಳಿಹಾಕುವ ಹಕ್ಕು ನಮಗಿಲ್ಲ.

ಈ ಯಂತ್ರಗಳು ಹುಟ್ಟಿದ್ದು ನಮ್ಮ ಹಟ್ಟಿಯ ಮಕ್ಕಳನ್ನು ನೆನೆದಲ್ಲ. 1978ರಲ್ಲಿ ಅಮೆರಿಕದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿ ಮಕ್ಕಳಿಗೆ ಮಾತಾಡಿ ಸ್ಪೆಲಿಂಗ್ ಕಲಿಸುವ 'ಸ್ಪೀಕ್ ಅಂಡ್ ಸ್ಪೆಲ್' ತಂದಿತು. ಆಮೇಲೆ ಕ್ಯಾಲಿಫೋರ್ನಿಯಾದ ಮೈಕೆಲ್ ವುಡ್ ಎಂಬ ವಕೀಲನ ಮೂರು ವರ್ಷದ ಮಗನಿಗೆ ಅಕ್ಷರದ ಹೆಸರು ಬರುತ್ತಿತ್ತು, ಅದರ ಉಚ್ಚಾರದ ಸದ್ದು ಹಿಡಿಯುತ್ತಿರಲಿಲ್ಲ. ಆ ತಂದೆಯ ಚಿಂತೆಯಿಂದ ಲೀಪ್‌ಫ್ರಾಗ್ ಕಂಪನಿ ಹುಟ್ಟಿತು. 2003ರಲ್ಲಿ ಕೈಯಲ್ಲಿ ಹಿಡಿದು ಆಡುವ 'ಲೀಪ್‌ಸ್ಟರ್' ಬಂತು. 2016ರಲ್ಲಿ ಆ ಕಂಪನಿಯನ್ನು ಹಾಂಗ್‌ಕಾಂಗಿನ ವಿಟೆಕ್ ಕೊಂಡುಕೊಂಡಿತು. ಒಬ್ಬ ಅಪ್ಪನ ಕಳಕಳಿ ಹೀಗೆ ಸರಕಾಯಿತು. ಅಪ್ಪನ ಕಳಕಳಿ ಸುಳ್ಳು ಅಂತ ನಾನು ಹೇಳುವುದಿಲ್ಲ. ಆದರೆ ಸರಕು ಮೊದಲು ಕೇಳುವುದು ಕಿಸೆಯನ್ನು.

ಈಗ ಅಕ್ಕನ ಮಾತಿಗೆ ಬರೋಣ. ಯಾರ ಮಗ ಅಂತ ಅದು ಕೇಳುವುದಿಲ್ಲವೇ? 2015ರ ನವೆಂಬರಿನಲ್ಲಿ ವಿಟೆಕ್‌ನ ಕಂಪ್ಯೂಟರುಗಳಿಗೆ ಕನ್ನ ಬಿತ್ತು. 60 ಲಕ್ಷಕ್ಕೂ ಹೆಚ್ಚು ಮಕ್ಕಳ ವಿವರ ಹೊರಗೆ ಹೋಯಿತು: ಹೆಸರು, ಹುಟ್ಟಿದ ದಿನ, ಗಂಡೋ ಹೆಣ್ಣೋ. 2018ರಲ್ಲಿ ಅಮೆರಿಕದ ಸರ್ಕಾರದೊಂದಿಗಿನ ಒಪ್ಪಂದದಂತೆ ಕಂಪನಿ 6 ಲಕ್ಷ 50 ಸಾವಿರ ಡಾಲರ್ ದಂಡ ತೆರಬೇಕಾಯಿತು. ನಮ್ಮ ಹುಡುಗನ ಕೈಲಿದ್ದ ಹಳೇ ಪೆಟ್ಟಿಗೆಗೆ ಆ ಶಕ್ತಿ ಇರಲಿಲ್ಲ, ನಿಜ. ಆದರೆ ಆ ಜಾತಿಯ ಯಂತ್ರಗಳು ಯಾರ ಮಗ ಅಂತ ಕೇಳಿಯೇ ಕೇಳಿದವು, ಬರೆದೂ ಇಟ್ಟುಕೊಂಡವು.

ಇದಕ್ಕಿಂತ ಆಳದ ಮಾತು ಇನ್ನೊಂದಿದೆ. ಅದೇ ಸಂಜೆ ಪರದೆಯ ಮೇಲೆ ನಾಲ್ಕು ಚಿತ್ರ ಬಂದವು: ತಟ್ಟೆ, ಲೋಟ, ಚಮಚ, ಎಲೆ. ಗುಂಪಿಗೆ ಸೇರದ್ದನ್ನು ಮುಟ್ಟಬೇಕು. ಹುಡುಗ ಚಮಚ ಮುಟ್ಟಿದ. ತಪ್ಪು. ಮತ್ತೆ ಚಮಚವನ್ನೇ ಮುಟ್ಟಿದ. ಮತ್ತೆ ತಪ್ಪು, ಮತ್ತೆ ಅದೇ ನಯವಾದ ದನಿ. ಅಕ್ಕ ಕೇಳಿದಳು, "ಯಾಕ್ಲಾ ಅದ್ನೇ ಮುಟ್ಟೀಯೆ?"

"ಎಲೆ ಮ್ಯಾಗೆ ಉಣ್ತೀವಲ್ಲಜ್ಜಿ. ಚಮಚದಾಗೆ ಯಾರುಣ್ತಾರೆ?"

ನೋಡಿ ಗೆಳೆಯರೇ, ಆ ಮಗುವಿನ ಉತ್ತರದಲ್ಲಿ ಅವನ ಮನೆಯಿತ್ತು, ಅವನ ಊಟವಿತ್ತು, ಅವನ ತರ್ಕವಿತ್ತು. ಯಂತ್ರ ಅವನನ್ನು ಬೈಯಲಿಲ್ಲ, ಹೌದು. ಆದರೆ ಅವನ ಬದುಕನ್ನೇ ನಯವಾಗಿ ತಪ್ಪು ಅಂದಿತು. ಯಾಕೆ ಎಂದು ಕೇಳಿದ್ದು ಒಂದಕ್ಷರ ಬಾರದ ಮುದುಕಿ.

ತಾಳ್ಮೆ ಎಂಬುದು ಸಿಟ್ಟು ಬರಬಲ್ಲವರ ಗುಣ. ಬೀಸುವ ಕಲ್ಲಿಗೂ ಸಿಟ್ಟಿಲ್ಲ. ಹಾಗಂತ ಅದನ್ನು ಸಾಧು ಅನ್ನುತ್ತೇವೆಯೇ? ಯಂತ್ರ ಜಾತಿ ನೋಡುವುದಿಲ್ಲ, ಯಾಕೆಂದರೆ ಅದು ಮಗುವನ್ನೇ ನೋಡುವುದಿಲ್ಲ. ನಮಗೆ ಬೇಕಾದ ಸಮಾನತೆ ಕುರುಡುತನದ್ದಲ್ಲ. ಹುಡುಗನನ್ನು ಪೂರ್ತಿ ನೋಡಿ, ಅವನ ಎಲೆಯನ್ನೂ ಅವನ ಹಟ್ಟಿಯನ್ನೂ ನೋಡಿ, ಆಮೇಲೂ ಬಾ ಕೂತ್ಕೋ ಅನ್ನುವ ಸಮಾನತೆ.

2003ರಲ್ಲೇ ಪೆಟ್ರೀಷಿಯಾ ಕೂಲ್ ಮತ್ತು ಸಂಗಡಿಗರ ಒಂದು ಅಧ್ಯಯನ ಪ್ರಕಟವಾಯಿತು. ಒಂಬತ್ತು ತಿಂಗಳ ಅಮೆರಿಕನ್ ಕೂಸುಗಳಿಗೆ 12 ಸಲ ಚೀನೀ ಭಾಷೆ ಕೇಳಿಸಿದರು. ಎದುರಿಗೆ ಕೂತು ಆಡಿಸಿದವರಿಂದ ಕೂಸುಗಳು ಆ ಭಾಷೆಯ ಸದ್ದು ಕಲಿತವು. ಅದೇ ಜನರನ್ನು ಪರದೆಯಲ್ಲಿ ತೋರಿಸಿದಾಗ ಕಲಿಯಲಿಲ್ಲ. ಕೂಸಿಗೆ ಸಲ್ಲುವುದೆಲ್ಲ ನಾಲ್ಕು ವರ್ಷದವನಿಗೆ ಹಾಗೇ ಸಲ್ಲಬೇಕಿಲ್ಲ. ಗುಂಡಿ ಒತ್ತಿ ಅವನೂ ನಾಲ್ಕು ಅಕ್ಷರ ಕಲಿತಾನು. ಆದರೆ ಕಲಿಕೆಯ ಬೇರು ಎಲ್ಲಿದೆ ಎಂಬುದಕ್ಕೆ ಇದೊಂದು ಸಾಕ್ಷಿ.

ಹಾಗಂತ ಯಂತ್ರವನ್ನು ಬೈದು ನಾವು ಪಾರಾಗುವಂತಿಲ್ಲ. ಒಂದು ಹೆಣ್ಣುಜೀವ ತನ್ನ ಅರವತ್ತನೇ ವಯಸ್ಸಿನಲ್ಲಿ ಪ್ಲಾಸ್ಟಿಕ್ ಪೆಟ್ಟಿಗೆಯನ್ನು ನೋಡಿ ಇಂಥ ಮೇಷ್ಟ್ರು ಬೇಕಿತ್ತು ಅಂದರೆ, ನಾಚಬೇಕಾದ್ದು ಪೆಟ್ಟಿಗೆಯಲ್ಲ, ಮೇಷ್ಟ್ರುಗಳಾದ ನಾವು. ಬೈಯದಿರುವುದನ್ನು ಅದರಿಂದ ಕಲಿಯೋಣ. ಯಾಕೆ ಅಂತ ಕೇಳುವುದನ್ನು ಅಕ್ಕನಿಂದ ಕಲಿಯೋಣ.

ಮೂರನೇ ದಿನ ಸೆಲ್ಲು ಮುಗಿಯಿತು. ಹೊಸ ಸೆಲ್ಲು ತರುವಷ್ಟು ದುಡ್ಡು ಮನೆಯಲ್ಲಿರಲಿಲ್ಲ. ಹುಡುಗ ಪೆಟ್ಟಿಗೆಯನ್ನು ಎರಡು ಸಲ ಕುಲುಕಿ ನೋಡಿದ. ಆಮೇಲೆ ಅಜ್ಜಿಯ ಸೆರಗು ಹಿಡಿದು ಅಂದ: "ಅಜ್ಜೀ, ಈಗ ನೀನು ಕೇಳು."