*ಇಂದಿನ ಚಿಂತನೆ: ದಾಸವಾಳದ ಗಿಡ ಮತ್ತು ಮೊದಲನೆಯ ಶೀಲ*



ನಮ್ಮ ಮಹಡಿಯ ಮೇಲೆ ಅಮ್ಮ ನೆಟ್ಟ ಕೆಂಪು ದಾಸವಾಳ ಇದೆ. ಅಮ್ಮ ಹೋಗಿ ನಾಲ್ಕು ವರ್ಷವಾಯಿತು, ಗಿಡ ಮಾತ್ರ ಹೂ ಬಿಡುತ್ತಲೇ ಇದೆ. ಈ ಮಾರ್ಚಿನಲ್ಲಿ ಅದರ ಚಿಗುರಿಗೆಲ್ಲ ಹತ್ತಿ ಅಂಟಿಸಿದಂತೆ ಹಿಟ್ಟು ತಿಗಣೆ ಹತ್ತಿತು. ಮೊಗ್ಗುಗಳು ಅರಳದೆ ಉದುರತೊಡಗಿದವು. ಲೀಟರ್ ನೀರಿಗೆ 5 ಮಿ.ಲೀ. ಬೇವಿನೆಣ್ಣೆ, ಸ್ವಲ್ಪ ಸೋಪು ಬೆರೆಸಿ ಸಿಂಪಡಿಸಲು ಹೊರಟೆ. ಅಂದು ಬೆಳಗ್ಗೆಯಷ್ಟೇ ಪಂಚಶೀಲ ಸ್ವೀಕರಿಸಿದ್ದೆ. ಕೈ ತಡೆಯಿತು.

ಕರ್ಮವೆಂದರೆ ಚೇತನೆ ಎಂದು ಬುದ್ಧರು ತಿಳಿಸಿದ್ದಾರಲ್ಲ, ನನ್ನ ಉದ್ದೇಶ ಗಿಡ ಉಳಿಸುವುದು ತಾನೇ ಎಂದುಕೊಂಡೆ. ಆದರೆ ಅಟ್ಠಕಥೆಗಳು ಪ್ರಾಣಿಹತ್ಯೆಗೆ ಐದು ಅಂಗಗಳನ್ನು ಹೇಳುತ್ತವೆ: ಜೀವಿ ಇರುವುದು, ಅದು ಜೀವಿ ಎಂದು ತಿಳಿದಿರುವುದು, ಕೊಲ್ಲುವ ಚಿತ್ತ, ಪ್ರಯತ್ನ, ಅದರಿಂದ ಸಾವು. ಒಂದೊಂದಾಗಿ ಎಣಿಸಿದೆ. ಐದೂ ಕೂಡಿದವು. ಗಿಡದ ಮೇಲಿನ ಪ್ರೀತಿ ನಿಜ, ಆದರೆ ಅದು ಕೊಲ್ಲುವ ಚಿತ್ತವನ್ನು ಅಳಿಸುವುದಿಲ್ಲ.

ಹಾಗೆಂದು ಅಮ್ಮನ ಗಿಡವನ್ನು ಸಾಯಲು ಬಿಡುವುದೇ? ಅದೂ ಆಗಲಿಲ್ಲ. ಮೊದಲು ಪೈಪಿನ ನೀರಿನ ರಭಸಕ್ಕೆ ತೊಳೆದೆ, ಮೂರು ರೆಂಬೆ ಕತ್ತರಿಸಿದೆ, ಉಳಿದದ್ದಕ್ಕೆ ಬೇವಿನೆಣ್ಣೆ ಹೊಡೆದೆ. ಹುಳುಗಳು ಸತ್ತವು. ಅದಕ್ಕೆ ಬೇರೆ ಹೆಸರು ಕೊಡಲಾರೆ.

ಆಮೇಲೆ ಒಂದು ಮಾತು ಹೊಳೆಯಿತು. ಹಿಟ್ಟು ತಿಗಣೆ ಒಂದೇ ರಾತ್ರಿಯಲ್ಲಿ ಬಂದದ್ದಲ್ಲ. ಅದು ಸ್ರವಿಸುವ ಸಿಹಿ ಅಂಟಿಗಾಗಿ ಇರುವೆಗಳು ಅದನ್ನು ಕಾಯುತ್ತವೆ. ಆ ಇರುವೆ ಸಾಲನ್ನು ಫೆಬ್ರವರಿಯಲ್ಲೇ ಕಂಡೂ ಸುಮ್ಮನಿದ್ದೆ. ಹೂ ಹೆಚ್ಚಲಿ ಎಂಬ ಆಸೆಗೆ ಗೊಬ್ಬರ ಸುರಿದಿದ್ದೆ, ಅದರಿಂದ ಬಂದ ಎಳೆ ಚಿಗುರೇ ಅವಕ್ಕೆ ಊಟವಾಯಿತು. ಗಾಳಿಯಾಡದಂತೆ ಕುಂಡಗಳನ್ನು ಒತ್ತಿಟ್ಟಿದ್ದೆ. ಅಂದೇ ಎರಡು ಎಲೆ ಕಿತ್ತಿದ್ದರೆ ಹೋಗುತ್ತಿದ್ದದ್ದು ಹತ್ತಾರು ಜೀವ. ನನ್ನ ಪ್ರಮಾದ ಅದನ್ನು ಲೆಕ್ಕವಿಲ್ಲದಷ್ಟು ಮಾಡಿತು.

ವರ್ಷಾವಾಸದ ನಿಯಮ ನೆನಪಾಯಿತು. ಮಳೆಗಾಲದ ತಿರುಗಾಟದಲ್ಲಿ ಭಿಕ್ಖುಗಳ ಕಾಲಡಿ ಹಸಿರು ಹುಲ್ಲು, ಸಣ್ಣ ಜೀವಿಗಳು ನಲುಗುತ್ತವೆಂದು ಜನ ದೂರಿದಾಗ ಬುದ್ಧರು ಈ ನಿಯಮ ಮಾಡಿದರೆಂದು ವಿನಯಪಿಟಕ ತಿಳಿಸುತ್ತದೆ. ಎತ್ತಿದ ಕಾಲನ್ನು ಎಲ್ಲಿಡಲಿ ಎಂದು ಆಮೇಲೆ ಚಿಂತಿಸಲಿಲ್ಲ. ಋತು ನೋಡಿ ಮೊದಲೇ ನೆಲೆನಿಂತರು.

ಶೀಲ ಔಷಧಿ ಬಾಟಲಿ ಹಿಡಿದ ಕ್ಷಣದಲ್ಲಿ ಶುರುವಾಗುವುದಲ್ಲ. ವಾರಗಳ ಹಿಂದೆ, ಎಲೆ ಮಗುಚಿ ನೋಡುವ ಎಚ್ಚರದಲ್ಲೇ ಶುರುವಾಗುತ್ತದೆ. ಅದನ್ನೇ ಅಪ್ಪಮಾದ ಎನ್ನುವುದು. ಈಗ ದಿನಾ ಬೆಳಗ್ಗೆ ಎಲೆಯಡಿ ನೋಡುತ್ತೇನೆ. ಬೇಸಿಗೆಯಲ್ಲಿ ವಾರಕ್ಕೊಮ್ಮೆ ಎಲೆ ತೊಳೆಯುತ್ತೇನೆ, ಗೊಬ್ಬರ ಮಿತವಾಗಿ ಹಾಕುತ್ತೇನೆ. ಕೈ ಪೂರ್ತಿ ಶುದ್ಧವಾಗಿದೆ ಎನ್ನಲಾರೆ. ಕೊಲ್ಲುವ ಸಂದರ್ಭಗಳು ಕಡಿಮೆಯಾಗಿವೆ, ಅಷ್ಟೇ.

*ಇಂದಿನ ಅಭ್ಯಾಸ:* ಕಂಡೂ ಸುಮ್ಮನಿರುವ ಯಾವ ಇರುವೆ ಸಾಲು ನಮ್ಮ ಮನೆಯಲ್ಲಿ, ಮನಸ್ಸಿನಲ್ಲಿ ಇದೆ? ಇಂದು ಒಂದನ್ನು ಗಮನಿಸೋಣ.

ಸರ್ವ ಜೀವಿಗಳಿಗೂ ಮಂಗಳವಾಗಲಿ. ಸಾಧು, ಸಾಧು, ಸಾಧು 🌺