ನಿದ್ದೆ ಹೋದ ಮೊಟ್ಟೆ

ಹಬ್ಬಕ್ಕೆಂದು ರೇಷ್ಮೆ ಸೀರೆ ಬಿಚ್ಚಿ ಗಾಳಿಗೆ ಹರಡುವಾಗ ಅದನ್ನು ನೂತ ಹುಳುವಿನ ಸಂಸಾರ ನಮಗೆ ನೆನಪಾಗುವುದಿಲ್ಲ. ದ್ವಿತಳಿ ರೇಷ್ಮೆ ಪತಂಗ ಇಡುವ ಮೊಟ್ಟೆ ಒಡೆಯದೆ ತಿಂಗಳುಗಟ್ಟಲೆ ನಿದ್ದೆ ಹೋಗಬಲ್ಲದು. ಅದು ಸತ್ತಿಲ್ಲ, ಜೊಳ್ಳಲ್ಲ. ಒಳಗಿನ ಜೀವ ಬೆಳೆಯುವುದನ್ನು ನಿಲ್ಲಿಸಿ ಕಾಯುತ್ತದೆ, ಅಷ್ಟೆ.

ಇದಕ್ಕೆ ಕಾರಣವನ್ನು 1951ರ ಸುಮಾರಿಗೆ ಜಪಾನಿನ ಫುಕುದಾ ಮತ್ತು ಹಸೆಗಾವಾ ಕಂಡುಹಿಡಿದರು. ತಾಯಿ ಇನ್ನೂ ಗೂಡಿನೊಳಗಿನ ಕೋಶವಾಗಿದ್ದಾಗಲೇ ಅವಳ ಗಂಟಲ ಕೆಳಗಿನ ನರಗಂಟು ಒಂದು ಹಾರ್ಮೋನು ಸ್ರವಿಸುತ್ತದೆ. ಅದು ಅಂಡಾಶಯ ಸೇರಿ ಮೊಟ್ಟೆಗಳಿಗೆ 'ಮಲಗು' ಎನ್ನುತ್ತದೆ. ಆ ತಾಯಿ ತಾನೇ ಮೊಟ್ಟೆಯಾಗಿದ್ದಾಗ 25 ಡಿಗ್ರಿಯ ಬಿಸುಪು, ಬೆಳಕು ಕಂಡಿದ್ದರೆ ಅವಳ ಮೊಟ್ಟೆಗಳು ಮಲಗುತ್ತವೆ. 15 ಡಿಗ್ರಿಯ ತಂಪು, ಕತ್ತಲೆ ಕಂಡಿದ್ದರೆ ಮಲಗುವುದಿಲ್ಲ. ನಮ್ಮ ಮೈಸೂರು ತಳಿಗಂತೂ ಈ ನಿದ್ದೆಯೇ ಇಲ್ಲ. ಅದಕ್ಕೇ ಮಿಶ್ರತಳಿಗೆ ಮೈಸೂರು ತಾಯಿ, ದ್ವಿತಳಿ ತಂದೆ.

ಅಪ್ಪಟ ದ್ವಿತಳಿ ಬೇಕಾದರೆ, ಕಾಯಲು ಪುರುಸೊತ್ತಿಲ್ಲದ ಮನುಷ್ಯ ಇಟ್ಟ ಸುಮಾರು 20 ಗಂಟೆಯಲ್ಲೇ ಮೊಟ್ಟೆಯನ್ನು 46 ಡಿಗ್ರಿಯ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಕೆಲವು ನಿಮಿಷ ಅದ್ದಿ ನಿದ್ದೆ ತಪ್ಪಿಸುತ್ತಾನೆ. ಅದರಲ್ಲಿ ಎಷ್ಟೋ ಮನೆಗಳ ಅನ್ನವಿದೆ, ನಾನು ದೂರುವುದಿಲ್ಲ.

ಇಂದಿರಾನಗರದ ನಮ್ಮ ರಸ್ತೆಯಲ್ಲಿ ಅರಿಸಿನ-ಕುಂಕುಮಕ್ಕೆ ಹೋದಾಗಲೆಲ್ಲ ನನ್ನ ಮಗಳಿಗೆ "ಏನಮ್ಮ, ವಿಶೇಷ ಉಂಟೆ?" ಎಂಬ ಪ್ರಶ್ನೆ ತಪ್ಪಿದ್ದಲ್ಲ. ಮದುವೆಯಾಗಿ ನಾಲ್ಕು ವರ್ಷ. "ಸದ್ಯಕ್ಕೆ ಬೇಡ" ಎನ್ನುತ್ತಾಳೆ. 'ಬೇಡ' ಎಂದದ್ದು ಕೇಳಿದವರ ಕಿವಿಯಲ್ಲಿ 'ಆಗದು' ಎಂದಾಗುತ್ತದೆ.

ಹುಳುವೇ ಕಾಯುತ್ತದೆ, ಹೆಣ್ಣು ಕಾದರೇನು ಎಂದು ವಾದಿಸಬಹುದಿತ್ತು. ಆದರೆ ನಾನು ದ್ವಿತಳಿಯನ್ನು ಸಾಕ್ಷಿಗೆ ಕರೆದರೆ, ಬೀಗಿತ್ತಿ ಮೈಸೂರು ತಳಿಯನ್ನು ಕರೆದಾರು! ಪ್ರಕೃತಿ ಎರಡು ಕಡೆಗೂ ಸಾಕ್ಷಿ ಹೇಳುತ್ತದೆ. ಹುಳುವಿಗಾಗಿ ಹವೆ, ಹಾರ್ಮೋನು, ಮಾರುಕಟ್ಟೆ ತೀರ್ಮಾನಿಸುತ್ತವೆ. ಅದನ್ನು ಕೇಳುವವರಿಲ್ಲ, ಅದಕ್ಕೆ ಬಾಯಿಯೂ ಇಲ್ಲ. ಹೆಣ್ಣಿಗೆ ಬಾಯಿದೆ. ಅವಳ 'ಬೇಡ'ಕ್ಕೆ ಹುಳುವಿನ ಸಮರ್ಥನೆ ಬೇಕಿಲ್ಲ, ಅವಳು ಹೇಳಿದ್ದೇ ಸಾಕು.

ವಯಸ್ಸು ಕಾಯುವುದಿಲ್ಲ ಎಂಬ ಮಾತು ಸುಳ್ಳಲ್ಲ. ಹುಳುವಿನ ಮೊಟ್ಟೆಗಿರುವ ಸೌಲಭ್ಯ ನಮ್ಮ ದೇಹಕ್ಕಿಲ್ಲ. ಅದನ್ನು ಮಗಳಿಗೆ ತಿಳಿಸುವುದು ತಾಯಿಯ ಕರ್ತವ್ಯ, ತಿಳಿಸಿಯೂ ಆಗಿದೆ. ತಿಳಿದವಳಿಗೆ ಮತ್ತೆ ಮತ್ತೆ ಹೇಳಿದರೆ ಅದು ಬುದ್ಧಿಮಾತಲ್ಲ, ಆಮ್ಲ.