ಚೂರಿಯ ಒರೆಯೂ ಶ್ರಾವಕನ ವಿವೇಕವೂ

ಕಮ್ಮಾರನು ಕಾಯಿಸಿ ಬಡಿದು ರೂಪಿಸಿದ ಚೂರಿಯನ್ನು ಚರ್ಮದ ಒರೆಯೊಡನೆ ಹೇಳಿ ಮಾಡಿಸಿಕೊಳ್ಳುವ ಅಭಿರುಚಿ ಕೆಲವರಲ್ಲಿದೆ. ಅಣುವ್ರತ ಕೈಕೊಂಡ ಶ್ರಾವಕನು ಇದನ್ನು ಮಾಡಿಸಬಹುದೇ? ಕಾಣಿಕೆಯಾಗಿ ಕೊಡಬಹುದೇ?

ಕಮ್ಮಾರನ ಕೌಶಲವು ನಿಂದ್ಯವಲ್ಲ. ಇಂಗಾಲ ಹೆಚ್ಚಿರುವ ಉಕ್ಕನ್ನು ಸುಮಾರು 800 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿ ಎಣ್ಣೆಯಲ್ಲಿ ಅದ್ದಿದರೆ ಅದು ಕಠಿಣವಾಗುತ್ತದೆ, ಆದರೆ ಸುಲಭವಾಗಿ ಒಡೆಯುತ್ತದೆ. ಮತ್ತೆ ಸುಮಾರು 200 ಡಿಗ್ರಿಯ ಮಂದ ಶಾಖ ಕೊಟ್ಟಾಗಲೇ ಹದಗೊಳ್ಳುತ್ತದೆ. ಅಂತಹ ಚೂರಿ ಅಡಿಗೆಗೆ ಬೇಕು. ಗೃಹಸ್ಥನಿಗೆ ಆರಂಭೀ ಹಿಂಸೆ ಪೂರ್ಣವಾಗಿ ತಪ್ಪದು.

ಒರೆಗಾದರೋ ಚರ್ಮವು ಅನಿವಾರ್ಯವಲ್ಲ. ಅದು ತೇವವನ್ನು ಹಿಡಿದಿಟ್ಟು ಉಕ್ಕಿಗೆ ತುಕ್ಕು ತರುವುದರಿಂದ ಚೂರಿಯನ್ನು ಬಹುಕಾಲ ಅದರಲ್ಲಿಡಬಾರದೆಂದು ಕುಶಲಕರ್ಮಿಗಳೇ ಎಚ್ಚರಿಸುತ್ತಾರೆ. ಜಪಾನಿನಲ್ಲಿ ಅಡಿಗೆಯ ಚೂರಿಗಳಿಗೆ ಮರದ ಒರೆ ರೂಢಿಯಲ್ಲಿದೆ. ಪ್ರಯೋಜನವಿಲ್ಲದ ಪಾಪವನ್ನು ಬಿಡುವುದೇ ಅನರ್ಥದಂಡವಿರತಿಯೆಂಬ ಗುಣವ್ರತ.

ಕಾಣಿಕೆಯ ವಿಷಯ ಇನ್ನೂ ಸೂಕ್ಷ್ಮ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಕೊಡಲಿ, ಖಡ್ಗ ಮೊದಲಾದ ಹಿಂಸೋಪಕರಣಗಳನ್ನು ಕೊಡುವುದನ್ನು ಹಿಂಸಾದಾನವೆಂದಿದ್ದಾರೆ. ನಮ್ಮ ಅಡಿಗೆಮನೆಯ ಚೂರಿಗೆ ನಾವು ಹೊಣೆ. ಪರರ ಕೈಗಿತ್ತ ಚೂರಿಯು ನಮ್ಮ ಅಂಕೆಯಲ್ಲಿಲ್ಲ, ಆದರೂ ಹೊಣೆ ತಪ್ಪದು. ಆದುದರಿಂದ ಅಗತ್ಯವಿದ್ದಷ್ಟನ್ನೇ ಮಾಡಿಸಿ, ಮರದ ಒರೆಯಲ್ಲಿಟ್ಟು, ಕಾಣಿಕೆಗೆ ಬೇರೆ ವಸ್ತುವನ್ನು ಆರಿಸುವುದೇ ಶ್ರಾವಕನಿಗೆ ಯೋಗ್ಯ.